ಬಗಲ ಕೂಸು ನೆಲಕ್ಕಿಳಿದಾಗ

ಬ್ಯಾಡಗಿ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಟೀಚರ್ ಆಗಿ ಹತ್ತೊಂಬತ್ತು ವರ್ಷವಾಯಿತು. ಮಕ್ಕಳನ್ನು ತೂಗುವುದು, ಉಣಿಸುವುದು, ಆಡಿಸುವುದು ನನ್ನ ಕೆಲಸ. ನನ್ನನ್ನು ನಗಿಸುವುದು ಅವರ ಮನೆಯವರ ಕೆಲಸ. ಅದಕ್ಕೆ ಅವರು ಒಂದು ದಿನವೂ ರಜೆ ಹಾಕಿಲ್ಲ.

ತೂಕ

ಒಂದು ಕೂಸಿನ ತೂಕ ಎರಡು ತಿಂಗಳಿಂದ ಏರಿರಲಿಲ್ಲ. ಮೂರನೇ ತಿಂಗಳು ಅಜ್ಜಿ ಅದಕ್ಕೆ ಬೇಸಗೆ ಬಿಸಿಲಲ್ಲೂ ಸ್ವೆಟರ್, ಕುಲಾವಿ ಹಾಕಿ ಎತ್ತಿಕೊಂಡು ಬಂದರು. ಬಿಚ್ಚಿದರೆ ಒಳಗೆ ಬೆಳ್ಳಿ ಉಡದಾರ, ಕಾಲಿಗೆ ಕಡಗ. ಎಲ್ಲ ತೆಗೆದೇ ತೂಗಬೇಕು ಎಂದೆ. ಅಜ್ಜಿಗೆ ಬೇಸರವಾಯಿತು.

"ಎಲ್ಲಾ ಅವಂದ ಐತ್ರಿ ಟೀಚರ, ಮಂದೀದು ಇಸಗೊಂಡು ಬಂದಿಲ್ಲ."

ಊಟ

ಮೂರು ವರ್ಷದ ಹುಡುಗಿಯೊಬ್ಬಳು ಮನೆಯಲ್ಲಿ ಮೊಬೈಲ್ ಹಚ್ಚದೆ ಬಾಯಿ ತೆರೆಯುತ್ತಿರಲಿಲ್ಲ. ನಮ್ಮಲ್ಲಿ ಮುಂಜಾನೆಯೆಲ್ಲ ಅಂಗಳದಲ್ಲಿ ಓಡಿ, ಮಣ್ಣಾಡಿ, ಅನ್ನ ಸಾರು ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು. ಎಷ್ಟು ಹೇಳಿದರೂ ತಾಯಿ ನಂಬಲಿಲ್ಲ. ಒಂದು ದಿನ ಕಿಟಕಿಯ ಆಚೆ ನಿಂತು ಕಣ್ಣಾರೆ ನೋಡಿದಳು. ಆಮೇಲೆ ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು:

"ನಮ್ಮತ್ತಿಗೆ ಹೇಳಬ್ಯಾಡ್ರಿ. ತಪ್ಪು ನನ್ನ ಅಡಿಗೀದ ಅಂತಾರ."

ನಡಿಗೆ

ಇನ್ನೊಂದು ಮನೆಯ ಗಂಡುಕೂಸು ಒಂದೂವರೆ ವರ್ಷವಾದರೂ ನಿಲ್ಲುತ್ತಿರಲಿಲ್ಲ. ತಾಯಿ ಅತ್ತು ಅತ್ತು ಸೊರಗಿದ್ದಳು. ಹಾವೇರಿಯ ಡಾಕ್ಟರು ನೋಡಿ, ಕಾಲು ಗಟ್ಟಿ ಇದೆ, ನೆಲಕ್ಕೆ ಬಿಡಿ ಎಂದರಂತೆ. ಬಿಡುವುದೆಲ್ಲಿ? ಅಂಗಳದ ತುಂಬ ಮೆಣಸಿನಕಾಯಿ ಒಣಹಾಕಿದ್ದರು. ಕೂಸು ಖಾರ ಮುಟ್ಟಿ ಕಣ್ಣುಜ್ಜಿಕೊಂಡೀತೆಂದು ಅಜ್ಜ ದಿನವಿಡೀ ಬಗಲಲ್ಲೇ ಎತ್ತಿಕೊಂಡಿರುತ್ತಿದ್ದರು.

ಮುಂಜಾನೆ ಅಂಗನವಾಡಿಗೆ ತಂದುಬಿಡಿ ಎಂದು ನಾನೇ ಹೋಗಿ ಹೇಳಿದೆ. ತಂದರು, ಆದರೆ ಬಾಗಿಲಲ್ಲೇ ಕುಳಿತರು. ಕೂಸು ಅತ್ತಾಗಲೆಲ್ಲ ಅವರು ಏಳುವುದು, ನಾನು ಕೂರಿಸುವುದು. ಎಂಟು ದಿನಕ್ಕೆ ಕೂಸು ಅಂಬೆಗಾಲಿಟ್ಟಿತು, ಆಮೇಲೆ ಗೋಡೆ ಹಿಡಿಯಿತು. ಒಂದು ದಿನ ಉರುಳಿಹೋದ ಚೆಂಡಿನ ಹಿಂದೆ ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಹಾಕಿತು. ಅಜ್ಜ ಟವೆಲಿನಿಂದ ಕಣ್ಣೊರೆಸಿಕೊಂಡರು. ನಾನೂ ಸೆರಗು ಹುಡುಕಿದೆ.

ಎರಡು ತಿಂಗಳ ಮೇಲೆ ಒಂದು ರವಿವಾರ ಆ ಕೂಸು ನಗುತ್ತ ತಾನೊಂದೇ ನಮ್ಮ ಮನೆಯೊಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಅಜ್ಜ ಬಂದರು, ಒಂದೇ ಕಾಲಿಗೆ ಚಪ್ಪಲಿ, ಏದುಸಿರು. ಕಟ್ಟೆಯ ಮೇಲೆ ಕುಸಿದು ನೀರು ಕುಡಿದು ಹೇಳಿದರು:

"ಓಡೂದು ಕಲಿಸಿದ್ರಿ, ಭಾಳ ಚಲೋ ಆತು. ಈಗ ನಿಲ್ಲೂದೊಂದು ಕಲಿಸಿಬಿಡ್ರಿ ಟೀಚರ. ಇಲ್ಲಾಂದ್ರ ನಾಳೆಯಿಂದ ನನ್ನ ಹೆಸರೂ ಹಚ್ಚಿಕೋರಿ, ನಾನೂ ಅವನ ಜೋಡಿ ಓಡೂದು ಕಲೀಬೇಕು."