ಪಾಮ್ ಮರಕ್ಕೆ ಮಂಕಿ ಕ್ಯಾಪ್

ಮೊದಲೇ ಕ್ಷಮೆ ಕೇಳುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ನಗು ಬರುವ ಮೊದಲೇ ವಿವರಿಸಿ ಕೆಡಿಸುವ ಚಾಳಿ ಬೇರೆ. ಆದರೆ ನಮ್ಮ ಅಂಗಳದ ಪಾಮ್ ಮರದ ದೆಸೆಯಿಂದ ನನ್ನ ಮಾನ ಕಂತು ಕಂತಾಗಿ ಹೋಗುತ್ತಲೇ ಇದೆ. ಪಾಮ್ ಎಂದರೆ ತೆಂಗಲ್ಲ. ಬೀಸಣಿಗೆಯಂಥ ಎಲೆ, ಕಾಂಡದ ತುಂಬ ಕಂದು ನಾರು, ಎತ್ತರ ಒಂದಾಳು. ನಾವಿರುವ ಸ್ವೀಡನ್ನಿನ ಗೋಥೆನ್‌ಬರ್ಗ್ ಸಮುದ್ರದ ದಂಡೆ, ಉತ್ತರದ ಲುಲೆಯೊದಷ್ಟು ಚಳಿಯಿಲ್ಲ. ಅಂದರೆ ಮರ ಬದುಕಬಹುದು. ಬದುಕದೆಯೂ ಇರಬಹುದು.

೧. ತಜ್ಞ

ನಮ್ಮ ವಸತಿ ಸಂಘದವರು ಅದನ್ನು ನೆಟ್ಟ ದಿನ, "ನೋಡಿಕೊಳ್ಳುವವರು ಯಾರು?" ಎಂದಾಗ ಎಲ್ಲರೂ ನನ್ನತ್ತ ತಿರುಗಿದರು. ನಾನು ಮಂಗಳೂರಿನವನು, ಅದಕ್ಕೆ. ನಿಜವಾಗಿ ನಾನು ಬೆಳೆದದ್ದು ಬಂದರಿನಲ್ಲಿ, ಅಂಗಡಿಯ ಮೇಲಿನ ಮನೆಯಲ್ಲಿ; ಮಾಡುವುದು ಕಾರಿನ ಸಾಫ್ಟ್‌ವೇರ್ ಕೆಲಸ. ಆದರೂ, "ನಮಗೆ ಇದು ರಕ್ತದಲ್ಲೇ ಇರುತ್ತದೆ" ಎಂದುಬಿಟ್ಟೆ.

ಮೂರನೇ ಮಹಡಿಯ ಹಿರಿಯ ಮಹಿಳೆಗೆ ಅಲ್ಲಿ ಸೇಬಿನ ಗಿಡ ಬೇಕಿತ್ತು. "ಚಳಿಗಾಲ ಕಳೆಯಲಿ. ಸತ್ತರೆ ಸೇಬು, ಬದುಕಿದರೆ ಮತಕ್ಕೆ ಹಾಕೋಣ" ಎಂದರು. ಕಟ್ಟಡದಲ್ಲಿ ನಮ್ಮದೊಂದೇ ಭಾರತದ ಮನೆ. ಮರ ಸತ್ತರೆ ಯಾರ ಮುಖ ನೋಡುತ್ತಾರೆ, ಹೇಳಬೇಕಿಲ್ಲ.

ಹೆಂಡತಿ ಪಿಸುಗುಟ್ಟಿದಳು: "ರೀ, ನಿಮಗೆ ತೆಂಗಿನಕಾಯಿ ಒಡೆಯೋಕೂ ಬರಲ್ಲ."

ಮಗಳು ಅದನ್ನು ಎಲ್ಲರಿಗೂ ಸ್ವೀಡಿಷ್‌ನಲ್ಲಿ ಕೇಳಿಸಿದಳು. "ಪಪ್ಪ ತುರಿದದ್ದನ್ನೇ ಪ್ಯಾಕೆಟ್‌ನಲ್ಲಿ ತರ್ತಾರೆ" ಎಂಬುದು ಅವಳ ಸ್ವಂತ ಕೊಡುಗೆ.

೨. ಉಪ್ಪು

ಊರಲ್ಲಿರುವ ಉಮ್ಮನಿಗೆ, ಅಂದರೆ ಅಮ್ಮನಿಗೆ, ಫೋನ್ ಮಾಡಿದೆ. ಮರ ಯಾವುದೆಂದು ಹೇಳಲಿಲ್ಲ. "ಬುಡಕ್ಕೆ ಉಪ್ಪು ಹಾಕು ಮಗಾ" ಎಂದರು. ನಮ್ಮಲ್ಲಿ ತೆಂಗಿಗೆ ಹಾಕುತ್ತಾರೆ. ಬಾಗಿಲ ಬಳಿ ಸಂಘದ ಉಪ್ಪಿನ ಡಬ್ಬವಿತ್ತು. ಧಾರಾಳವಾಗಿ ಸುರಿದೆ.

ಬಾಲ್ಕನಿಯಿಂದ ಅದೇ ಮಹಿಳೆ ಕೇಳಿದರು: "ಆ ಉಪ್ಪು ಮೆಟ್ಟಿಲ ಮೇಲಿನ ಹಿಮದಲ್ಲಿ ನಾವು ಜಾರದಿರಲಿ ಅಂತ ಇಟ್ಟದ್ದು. ಬೇರುಗಳೂ ಜಾರಿ ಬೀಳುತ್ತವೆಯೇ?"

ಇದು ತೆಂಗಲ್ಲವೆಂಬುದು ಆಗ ನೆನಪಾಗಿ, ಮಣ್ಣಿನ ಸಮೇತ ಉಪ್ಪನ್ನು ಅಡುಗೆಯ ಸೌಟಿನಲ್ಲಿ ಎತ್ತಿ ತೆಗೆದೆ. ಆಕೆ ಕಾಫಿ ಹಿಡಿದು ಕುಳಿತು, "ಇನ್ನೂ ಸ್ವಲ್ಪ ಎಡಕ್ಕೆ" ಎನ್ನುತ್ತಿದ್ದರು.

೩. ಸಂಕೋಚದ ಮನುಷ್ಯ

ಪಾಮ್ ಮರವನ್ನು ಕೊಲ್ಲುವುದು ಬರೀ ಚಳಿಯಲ್ಲ. ಸುಳಿಯೊಳಗೆ ನೀರು ನಿಂತು ಹೆಪ್ಪುಗಟ್ಟಿದರೆ ಸುಳಿ ಕೊಳೆಯುತ್ತದೆ. ಆದ್ದರಿಂದ ಎಲೆಗಳನ್ನು ಮೇಲೆತ್ತಿ ಕಟ್ಟಿ, ಕಂಬಳಿ ಸುತ್ತಿ, ಊರಿನಿಂದ ಬಂದಿದ್ದ ಮಾವನವರು ಬಿಟ್ಟುಹೋಗಿದ್ದ ಉದ್ದ ಕೋಟು ತೊಡಿಸಿ, ತುದಿಗೆ ಅವರ ಮಂಕಿ ಕ್ಯಾಪ್ ಹಾಕಿದೆ. ಅದರ ಮೇಲೊಂದು ಪ್ಲಾಸ್ಟಿಕ್ ಚೀಲ.

ಡಿಸೆಂಬರಿನಲ್ಲೊಂದು ದಿನ, ಕಟ್ಟಡದವರೆಲ್ಲ ಸರದಿಯಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ, ಮೂರನೇ ಮಹಡಿಯ ಆಕೆ ಸಿಕ್ಕರು. "ನಿಮ್ಮ ತಂದೆ ದಿನವಿಡೀ ಹೊರಗೇ ನಿಂತಿರುತ್ತಾರಲ್ಲ?"

ಚಳಿಗಾಲದ ಮಬ್ಬಿನಲ್ಲಿ, ಮೇಲಿನ ಬಾಲ್ಕನಿಯಿಂದ, ಕೋಟು ತೊಟ್ಟ ಮರ ಆಕೆಗೆ ಮನುಷ್ಯನಂತೆ ಕಂಡಿತ್ತು. ಆಗಲೇ ನಿಜ ಹೇಳಬೇಕಿತ್ತು. ಆದರೆ ಉಪ್ಪಿನ ಅವಮಾನ ಇನ್ನೂ ಹಸಿಯಾಗಿತ್ತು. "ಅವರಿಗೆ ಹೊರಗಿನ ಗಾಳಿ ಇಷ್ಟ" ಎಂದೆ.

ಆಕೆಗೆ ಆಶ್ಚರ್ಯವೇ ಆಗಲಿಲ್ಲ. ಇಲ್ಲಿ ಹಸುಗೂಸುಗಳನ್ನೂ ಚಳಿಯಲ್ಲಿ ಹೊರಗೆ ಮಲಗಿಸುತ್ತಾರೆ. "ಒಳ್ಳೆಯದೇ. ಆದರೆ ನಾನು ಕೈ ಬೀಸಿದರೆ ಅವರು ಬೀಸುವುದಿಲ್ಲ."

"ಸ್ವಲ್ಪ ಸಂಕೋಚದ ಸ್ವಭಾವ."

"ಹಾಗಾದರೆ ಸ್ವೀಡನ್ನಿಗೆ ಚೆನ್ನಾಗಿ ಹೊಂದಿಕೊಳ್ಳುತ್ತಾರೆ" ಎಂದರು.

೪. ಮತ

ವಸಂತ ಬಂತು. ಎಲ್ಲರೂ ಅಂಗಳದಲ್ಲಿ ಸೇರಿದರು. ಅವರೆದುರೇ ಟೋಪಿ ತೆಗೆದೆ, ಕೋಟಿನ ಗುಂಡಿ ಬಿಚ್ಚಿದೆ. ಆಕೆ ಹತ್ತಿರ ಬಂದು ಕೋಟು ನೋಡಿದರು, ಮರ ನೋಡಿದರು, ಕೊನೆಗೆ ನನ್ನನ್ನು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಜೀವ ಇದೆಯೇ ಎಂದು ತಿಳಿಯಲು ನಡುವಿನ ಎಳೆಯ ಎಲೆಯನ್ನು ಮೆಲ್ಲಗೆ ಎಳೆಯಬೇಕು. ಕಿತ್ತು ಬಂದರೆ ಸುಳಿ ಕೊಳೆತಿದೆ. ನಾನು ಎಲೆ ಹಿಡಿದವನು ಬಿಟ್ಟುಬಿಟ್ಟೆ. ಆಕೆಯೇ ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ಬರಲಿಲ್ಲ.

"ಬದುಕಿದೆ" ಎಂದು ಎಲ್ಲರಿಗೂ ಹೇಳಿ, ಮರವೇ ಇರಲಿ ಎಂದು ಮೊದಲು ಕೈ ಎತ್ತಿದವರು ಆಕೆ. ಆಮೇಲೆ ಮರದತ್ತ ಬೊಟ್ಟು ಮಾಡಿ ಆಕೆ ನನ್ನ ಕಿವಿಯ ಬಳಿ ಬಾಗಿದರು.

"ಕ್ರಿಸ್‌ಮಸ್‌ಗೆ ಇವರನ್ನು ಊಟಕ್ಕೆ ಕರೆದಿದ್ದೆ. ತಟ್ಟೆಯನ್ನೂ ಇಟ್ಟಿದ್ದೆ. ಯಾರಿಗೂ ಹೇಳಬೇಡಿ."

ನಾನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆದದ್ದು ಹೇಳಿದಂತಾಗುವುದಿಲ್ಲ. ಏಕೆಂದರೆ ಒಂದು, ಆಕೆಗೆ ಕನ್ನಡ ಬರುವುದಿಲ್ಲ. ಎರಡು, ನಾನು ಹೆಸರು ಹಾಕಿಲ್ಲ. ಮೂರು, ನೀವೂ ಯಾರಿಗೂ ಹೇಳುವವರಲ್ಲ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ... ಇರಿ, ಅಂಗಳದಿಂದ ಆಕೆಯೇ ಕೂಗುತ್ತಿದ್ದಾರೆ. ಉಳಿದದ್ದು ಆಮೇಲೆ.