ಸೋಮವಾರದ ನಾಡಿ

ಡಾಕ್ಟರ್ ಪರಪ್ಪನವರ ಬಲಗೈ ಹೆಬ್ಬೆರಳಿನ ಉಗುರಿನ ಮೇಲೆ ಅಯೋಡಿನ್ನಿನ ಕಂದು ಕಲೆಯೊಂದಿತ್ತು. ಆ ಹೆಬ್ಬೆರಳಿನಿಂದಲೇ ಅವರು ಸಾಲಿಗೆ ಓದಲು ಬರುವ ಹುಡುಗಿಯರ ಕೆಳರೆಪ್ಪೆಯನ್ನು ಎಳೆದು ನೋಡಿ, "ಫಿಕ್ಕಾ" ಎನ್ನುತ್ತಿದ್ದರು. ಬಿಳಿಚಿದೆ, ರಕ್ತ ಸಾಲದು ಎಂದು ಅದರ ಅರ್ಥ. ಒಂದೊಂದು ರೆಪ್ಪೆ ಫಿಕ್ಕಾ ಆದಾಗಲೂ ಡಾಕ್ಟರರ ಮುಖ ಮಾತ್ರ ಕೆಂಪೇರುತ್ತಿತ್ತು. ಕಾಯಿಲೆ ಕಂಡು ಇಷ್ಟು ಸಂತೋಷಪಡುವ ಜನರನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ ತಿಳಿಯಿತು, ಅದಕ್ಕೆ ಸಂಶೋಧನೆ ಎನ್ನುತ್ತಾರೆ.

ಬಿ.ಎ. ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿಗೆ ಆಗ ಧಾರವಾಡದಲ್ಲಿ ಎರಡು ಉದ್ಯೋಗಗಳಿದ್ದವು: ಮಕ್ಕಳಿಗೆ ಪಾಠ ಹೇಳುವುದು, ಇಲ್ಲವೆ ನೋಡಲು ಬಂದವರಿಗೆ ಚಹಾ ಕೊಡುವುದು. ನನಗೆ ಮೂರನೆಯದೊಂದು ದೊರಕಿತು. ಹುಬ್ಬಳ್ಳಿಯಲ್ಲಿ ದವಾಖಾನೆ ಇಟ್ಟಿದ್ದ ಪರಪ್ಪನವರು ವಿಲಾಯತಿಯಿಂದ ಹೊಸದಾಗಿ ಬಂದಿದ್ದರು. ವಿದ್ಯಾಭ್ಯಾಸದ ಭಾರದಿಂದ ಹೆಣ್ಣುಮಕ್ಕಳ ರಕ್ತವೂ ನೆನಪಿನ ಶಕ್ತಿಯೂ ಹೇಗೆ ಕುಗ್ಗುತ್ತವೆ ಎಂಬುದು ಅವರು ಯುನಿವರ್ಸಿಟಿಗೆ ಸಲ್ಲಿಸಲಿದ್ದ ಪ್ರಬಂಧದ ವಿಷಯ. "ಕುಗ್ಗುತ್ತವೆಯೇ" ಎಂದಲ್ಲ, "ಹೇಗೆ" ಎಂದೇ. ಉತ್ತರ ಅವರಿಗೆ ಹಡಗಿನಲ್ಲಿ ಬರುವಾಗಲೇ ಸಿಕ್ಕಿತ್ತು. ಇನ್ನು ಬೇಕಾಗಿದ್ದುದು ಹುಡುಗಿಯರು ಮಾತ್ರ. ಪರಗಂಡಸು ಹುಡುಗಿಯರ ಕೈ ಹಿಡಿದು ನಾಡಿ ನೋಡುವಾಗ ಪಕ್ಕದಲ್ಲಿ ಮರ್ಯಾದಸ್ಥ ಮನೆತನದ ಹೆಂಗಸೊಬ್ಬಳು ಇರಬೇಕೆಂದು ಸಾಲಿಯ ಕಮಿಟಿಯವರು ಹೇಳಿದ್ದರಿಂದ ನನ್ನನ್ನು ಕರೆದರು. ನನ್ನ ಹುದ್ದೆಯ ಹೆಸರು ಸಂಶೋಧನ ಸಹಾಯಕಿ. ಕೆಲಸ, ನಿಲ್ಲುವುದು.

ನಾನು ಚೆನ್ನಾಗಿಯೇ ನಿಲ್ಲುತ್ತಿದ್ದೆ. ಹೆಚ್ಚು ಮಾತಾಡುವುದು ನನಗೆ ಮೊದಲಿನಿಂದ ಬರುವುದಿಲ್ಲ. ಡಾಕ್ಟರರು ನಾಡಿ ಹಿಡಿದು, ರೆಪ್ಪೆ ಎಳೆದು, ಕೊನೆಗೆ ಒಂದಿಷ್ಟು ಅಂಕಿಗಳನ್ನು ಹೇಳಿ, "ಈಗ ಇವನ್ನ ಹಿಂದಿನಿಂದ ಹೇಳವಾ" ಎನ್ನುತ್ತಿದ್ದರು. ಹುಡುಗಿಯರು ಎರಡು ಅಂಕಿ ಹೇಳಿ ಛಾವಣಿ ನೋಡುತ್ತಿದ್ದರು. ಹೋಲಿಕೆಗೆಂದು ಸಾಲಿಯ ಮುಖ ಕಾಣದ ಹುಡುಗಿಯರನ್ನೂ ಅವರು ನೋಡುತ್ತಿದ್ದರು. ಅದು ಹುಬ್ಬಳ್ಳಿಯಲ್ಲಿ, ನೆಂಟರಿಷ್ಟರ ಮನೆಗಳಲ್ಲಿ, ರವಿವಾರ ಊಟವಾದ ಮೇಲೆ. ಡಾಕ್ಟರು ಮನೆಗೆ ಬಂದಾರೆಂದು ಆ ದಿನ ಹೋಳಿಗೆಯೂ ಆಗುತ್ತಿತ್ತು. ಅಲ್ಲಿಯ ರೆಪ್ಪೆಗಳೆಲ್ಲ ದಾಳಿಂಬೆಯ ಹಾಗೆ ಕೆಂಪು, ಅಂಕಿಗಳು ಹಿಂದಿನಿಂದಲೂ ಮುಂದಿನಿಂದಲೂ ಸರಾಗ. ಸಾಲಿಯ ಹುಡುಗಿಯರ ಪಾಲಿಗೆ ಬಂದದ್ದು ದವಾಖಾನೆಯ ರಜೆಯ ದಿನ. ಆ ದಿನ ಸೋಮವಾರ. ತಿಂಗಳು ಶ್ರಾವಣ.

ಇದನ್ನು ಓದುವ ತಾಯಂದಿರೆಲ್ಲ ಈಗಾಗಲೇ ನಗುತ್ತಿರಬೇಕು. ಶ್ರಾವಣ ಸೋಮವಾರ ನಮ್ಮ ಕಡೆಯ ಹುಡುಗಿಯರು ಸಂಜೆಯ ಪೂಜೆಯವರೆಗೆ ಹೊಟ್ಟೆಗೆ ಏನೂ ಹಾಕುವುದಿಲ್ಲ. ಇದು ಡಾಕ್ಟರರಿಗೆ ಗೊತ್ತಿರಲಿಲ್ಲವೇ? ಅವರ ತಾಯಿ, ಹೆಂಡತಿ ಇಬ್ಬರೂ ಸೋಮವಾರದ ವ್ರತ ಹಿಡಿಯುತ್ತಿದ್ದರು. ಆದರೆ ಅವರು ಉಪವಾಸ ಮಾಡಿದರೂ ಇವರ ತಾಟಿಗೆ ರೊಟ್ಟಿ ಹೊತ್ತಿಗೆ ಸರಿಯಾಗಿ ಬೀಳುತ್ತಿದ್ದುದರಿಂದ ವಿಷಯ ಇವರ ಗಮನಕ್ಕೆ ಬಂದಿರಲಿಲ್ಲ. ಸಾಲಿಯಲ್ಲಿ ಮಿಷನ್ ಕಂಪೌಂಡಿನಿಂದ ಬರುವ ಕ್ರಿಶ್ಚಿಯನ್ ಹುಡುಗಿಯೊಬ್ಬಳಿದ್ದಳು. ಅವಳ ರೆಪ್ಪೆ ಕೆಂಪಗಿತ್ತು, ಅಂಕಿಗಳನ್ನೂ ಅವಳು ಪಟಪಟ ಒಪ್ಪಿಸಿದಳು. ಡಾಕ್ಟರರು ಸ್ವಲ್ಪ ಯೋಚಿಸಿ, "ಅಪವಾದ" ಎಂದು ಅವಳನ್ನು ಬದಿಗಿಟ್ಟರು.

ಹಾಗೆಂದು ಅವರು ಕೇಳುತ್ತಿರಲಿಲ್ಲವೆಂದಲ್ಲ. ಶಾಸ್ತ್ರೋಕ್ತವಾಗಿ ಪ್ರತಿಯೊಬ್ಬಳಿಗೂ ಮೊದಲ ಪ್ರಶ್ನೆ, "ಊಟ ಆತೇನು?" ಪ್ರತಿಯೊಬ್ಬಳ ಉತ್ತರ, "ಆತ್ರಿ." ಈ ಊರಿನಲ್ಲಿ ಹಿರಿಯರು ಊಟ ಆತೇನು ಎಂದು ಕೇಳಿದರೆ ಆತ್ರಿ ಎನ್ನಬೇಕು. ಇಲ್ಲ ಎಂದರೆ ಅವರು ಎಲೆ ಹಾಕಬೇಕಾಗುತ್ತದೆ. ಅದು ಕೇಳಿ ಉಂಡಂತಾಗುತ್ತದೆ. ಇದು ಸುದ್ದಿಯಲ್ಲ, ನಮಸ್ಕಾರ. ನನಗೆ ಇದನ್ನು ಕಲಿಸಿದವಳು ನನ್ನ ಅವ್ವ, ನಾನು ಇನ್ನೂ ತೊಟ್ಟಿಲಿನಿಂದ ಇಳಿಯುತ್ತಿದ್ದಾಗ. ಡಾಕ್ಟರರೂ ಇಲ್ಲಿಯ ತೊಟ್ಟಿಲಿನಿಂದಲೇ ಇಳಿದವರು. ಆದರೆ ವಿಲಾಯತಿಯಲ್ಲಿ ಜನ ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳುತ್ತಾರೋ ಏನೋ, ಅಭ್ಯಾಸ ತಪ್ಪಿತ್ತು.

ಪಕ್ಕದ ಮನೆಯ ನೀಲಾ ಇಲ್ಲದಿದ್ದರೆ ನಾನು ಇದನ್ನೆಲ್ಲ ನನ್ನಷ್ಟಕ್ಕೆ ನೋಡಿ ನಗುತ್ತ ನಿಂತಿರುತ್ತಿದ್ದೆನೇನೋ. ಅವಳು ಮ್ಯಾಟ್ರಿಕ್ ಕ್ಲಾಸಿನಲ್ಲಿದ್ದಳು. ಗದಗಿನ ಕಡೆಯ ಸಂಬಂಧವೊಂದು ಬಂದಿತ್ತು. ಅವಳ ತಂದೆ ಮಲ್ಲೇಶಪ್ಪ ಕಾಕಾ ಕೆಟ್ಟವರಲ್ಲ, ಅಂಜುಬುರುಕರು. "ಡಾಕ್ಟರು ಏನಂತಾರ ನೋಡೂಣು. ಓದಿ ರಕ್ತ ಸುಡೂದಾದರ ಸಾಲಿ ಬಿಡಿಸಿ ತಲಿಮ್ಯಾಲೆ ಅಕ್ಕಿಕಾಳು ಹಾಕಿಬಿಡೂದು" ಎಂದು ಅಂಗಳದಲ್ಲಿ ನಿಂತು ಹೇಳಿದ್ದರು. ನೀಲಾ ರೆಪ್ಪೆ ತೋರಿಸಲು ಬಂದ ದಿನ ಅಂಕಿ ಹೇಳುತ್ತ ಹೇಳುತ್ತ ನನ್ನ ತೋಳು ಹಿಡಿದುಕೊಂಡಳು. ಡಾಕ್ಟರರು "ಫಿಕ್ಕಾ" ಎಂದರು. ಅವಳು ನನ್ನ ಕಿವಿಯಲ್ಲಿ, "ಅಕ್ಕಾ, ಹೊಟ್ಟಿ ಚುರುಚುರು ಅನ್ನಾಕತ್ತೈತಿ. ಮುಂದಿನಿಂದನ ಅಂಕಿ ನೆನಪಾಗವಲ್ವು, ಇನ್ನ ಹಿಂದಿನಿಂದ ಎಲ್ಲೀವು?" ಎಂದಳು.

ಅವಳು ಹೋದ ಮೇಲೆ ನಾನು ಡಾಕ್ಟರರಿಗೆ ಅವಳು ಉಪವಾಸವೆಂದು ಮೆಲ್ಲಗೆ ತಿಳಿಸಿದೆ. ಅವರು ಕನ್ನಡಕ ಒರೆಸಿಕೊಂಡು, "ಆಕೀನ್ನ ಕೇಳೇನಿ. ಆತ್ರಿ ಅಂದಾಳ. ನಿನ್ನ ಅನುಮಾನಕ್ಕ ಶಾಸ್ತ್ರದಾಗ ಜಾಗಾ ಇಲ್ಲವಾ" ಎಂದರು. ನಾನು ಮತ್ತೆ ನಿಲ್ಲತೊಡಗಿದೆ.

ಶ್ರಾವಣದ ಕೊನೆಯ ಸೋಮವಾರ ಮಧ್ಯಾಹ್ನ ಸಾಲಿಯ ಹಾಲಿನಲ್ಲಿ ಸಭೆ. ಕಮಿಟಿಯವರು, ತಂದೆಗಳು, ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದ ಒಂದಿಷ್ಟು ತಾಯಂದಿರು. ಮುಂದಿನ ಸಾಲಿನಲ್ಲಿ ಮಲ್ಲೇಶಪ್ಪ ಕಾಕಾ. ಡಾಕ್ಟರರು ಬಹಳ ಹೊತ್ತು ಮಾತಾಡಿದರು. ಬೀಜಗಣಿತ ಗರ್ಭಕೋಶಕ್ಕೆ ಹೇಗೆ ಇಳಿಯುತ್ತದೆ ಎಂಬುದನ್ನು ಮರ್ಯಾದೆಯ ಮಾತುಗಳಲ್ಲಿ ವಿವರಿಸಿದರು. ಕಾಕಾ ತಲೆಯಾಡಿಸುತ್ತಲೇ ಇದ್ದರು. ಒಂದೊಂದು ಸಲ ಆ ತಲೆ ಆಡಿದಾಗಲೂ ನೀಲಾ ಗದಗಿಗೆ ಒಂದು ಸ್ಟೇಷನ್ ಹತ್ತಿರವಾಗುತ್ತಿದ್ದಳು. ಕೊನೆಗೆ ಡಾಕ್ಟರರು, "ಬಾಯಿಮಾತು ಬ್ಯಾಡ, ಕಣ್ಣಾರೆ ನೋಡ್ರಿ. ಈಕಿ ಮ್ಯಾಟ್ರಿಕ್ ಅಷ್ಟ ಅಲ್ಲ, ಬಿ.ಎ. ಪಾಸಾದಾಕಿ" ಎಂದು ನನ್ನನ್ನು ಮುಂದಕ್ಕೆ ಕರೆದರು. ನಿಲ್ಲುವ ಕೆಲಸದಲ್ಲಿ ಇದೂ ಸೇರಿದೆಯೆಂದು ಯಾರೂ ಹೇಳಿರಲಿಲ್ಲ.

"ಊಟ ಆತೇನವಾ?" ಎಂದರು.

"ಆತ್ರಿ" ಎಂದೆ. ಬಾಯಿ ತಾನಾಗಿ ಹೇಳಿತು.

ನಾಡಿ ಹಿಡಿದರು. "ಕುದರಿಗತೆ ಓಡಾಕತ್ತೈತಿ." ಕಂದು ಉಗುರು ನನ್ನ ರೆಪ್ಪೆಯ ಮೇಲೆ ಬಂತು. "ಫಿಕ್ಕಾ! ನೋಡ್ರಿ ಡಿಗ್ರಿ ಏನ ಮಾಡ್ತೈತಿ!" ಮಲ್ಲೇಶಪ್ಪ ಕಾಕಾ ನನ್ನನ್ನು ನೋಡಿದ ಕರುಣೆಯ ನೋಟ ನಾನು ಮರೆಯಲಾರೆ.

ಇಲ್ಲಿ ಒಂದು ಖಾಸಗಿ ಮಾತು ಹೇಳಬೇಕು. ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಓದಿದವಳು. ದೇವರನ್ನು ಕುರಿತು ಗೆಳತಿಯರ ಮುಂದೆ ದೊಡ್ಡ ದೊಡ್ಡ ಸಂದೇಹಗಳನ್ನು ಎತ್ತಿದವಳು. ಕಾಲೇಜಿಗೆ ಕಳಿಸುವಾಗ ಅವ್ವ ಹಾಕಿದ್ದ ಒಂದೇ ಕರಾರು, ಶ್ರಾವಣ ಸೋಮವಾರ ತಪ್ಪಿಸಬಾರದೆಂದು. ಒಂದನ್ನೂ ತಪ್ಪಿಸಿರಲಿಲ್ಲ, ಒಬ್ಬರಿಗೂ ಹೇಳಿರಲಿಲ್ಲ. ಈಗ ಊರ ಗಂಡಸರ ಮುಂದೆ ನನ್ನ ಹೊಟ್ಟೆಯ ಸುದ್ದಿ ಹೇಳಬೇಕಾಗಿತ್ತು.

"ಡಾಕ್ಟರ, ನಾನು ಉಪವಾಸ ಅದೀನ್ರಿ" ಎಂದೆ. "ನೀವು ಫಿಕ್ಕಾ ಅಂದ ಹುಡಿಗ್ಯಾರೂ ಎಲ್ಲಾರೂ ಉಪವಾಸ ಇದ್ರು. ಇವತ್ತು ಸೋಮವಾರರಿ."

"ಈಗರ ಊಟ ಆತು ಅಂದೆಲ್ಲವಾ!"

"ಮತ್ತೇನ ಅನ್ನಬೇಕ್ರಿ?"

ಹಿಂದಿನ ಬೆಂಚಿನಲ್ಲಿ ಮೊದಲು ಒಂದು ಬಳೆ ಸದ್ದಾಯಿತು, ಆಮೇಲೆ ಬೆಂಚೇ ನಕ್ಕಿತು. ನೀಲಾಳ ತಾಯಿ ಸೆರಗಿನ ಒಳಗಿನಿಂದ, "ಡಾಕ್ಟರಿಗೂ ಕೇಳ್ರೆವಾ, ಊಟ ಆತೇನಂತ. ಅವ್ರ ಕಣ್ಣು ಕೆಂಪಗದಾವು!" ಎಂದರು. ಕಮಿಟಿಯವರೂ ಮೀಸೆಯಲ್ಲೇ ನಗತೊಡಗಿದರು. ಮಲ್ಲೇಶಪ್ಪ ಕಾಕಾ ಮಾತ್ರ ನಗಲಿಲ್ಲ. ಎದ್ದು ನಿಂತು ಕೈ ಮುಗಿದು, "ಡಾಕ್ಟರ, ನಾಳೆ ಮಂಗಳವಾರ. ನಮ್ಮ ಹುಡುಗಿ ಮುಂಜಾನೆ ಉಂಡ ಮ್ಯಾಲೆ ಇನ್ನೊಮ್ಮೆ ನೋಡಿಬಿಡ್ರಿ. ನೀವು ಅಂದಂಗ ಮಾಡ್ತೇನಿ" ಎಂದರು. ಡಾಕ್ಟರರು ಹ್ಞೂ ಎನ್ನಬೇಕಾಯಿತು. ಆ ದಿನದ ರೈಲು ಅವರಿಲ್ಲದೆ ಹುಬ್ಬಳ್ಳಿಗೆ ಹೋಯಿತು.

ಮರುದಿನ ಮುಂಜಾನೆ ಚಡಪಡಿಕೆ ತಡೆಯಲಾರದೆ, ಅವ್ವ ಒಲೆ ಹೊತ್ತಿಸುವ ಮೊದಲೇ ನಾನು ನೀಲಾಳ ಮನೆಗೆ ಹೋದೆ. ಅವಳು ರೊಟ್ಟಿ, ಬೆಣ್ಣೆ, ಬದನೆಕಾಯಿ ಪಲ್ಯ ಉಣ್ಣುವುದನ್ನು ಸಂಶೋಧನ ಸಹಾಯಕಿಯಾಗಿ ಕೊನೆಯ ತುತ್ತಿನವರೆಗೆ ನೋಡುತ್ತ ನಿಂತೆ. ಡಾಕ್ಟರರು ಬಂದರು. ಅಂಕಿಗಳು ಹಿಂದಿನಿಂದ ಸರಸರ ಬಂದವು. ರೆಪ್ಪೆ ಎಳೆದು, "ಛಲೋ ಕೆಂಪೈತಿ" ಎಂದರು. ಒಂದು ಊಟದಿಂದ ರಕ್ತ ಕೆಂಪಾಗುವುದಿಲ್ಲವೆಂಬಷ್ಟು ಶರೀರಶಾಸ್ತ್ರ ನನಗೂ ಗೊತ್ತಿತ್ತು. ಕೆಂಪಾಗಿದ್ದುದು ಅವರ ಕಿವಿ. ಆದರೆ ನಿಲ್ಲುವುದಷ್ಟೇ ನನ್ನ ಕೆಲಸವಾದ್ದರಿಂದ ನಿಂತೇ ಇದ್ದೆ. ಮಲ್ಲೇಶಪ್ಪ ಕಾಕಾ ಉಸಿರು ಬಿಟ್ಟು, "ಹಂಗಾರ ಓದಲಿ. ಗದಗಿನವರಿಗೆ ನಾನ ಹೇಳ್ತೇನಿ" ಎಂದರು. ನೀಲಾ ಪಾಟೀಚೀಲ ಹೆಗಲಿಗೆ ಹಾಕಿಕೊಂಡು, ಯಾರಾದರೂ ಮನಸ್ಸು ಬದಲಿಸುವ ಮೊದಲೇ ಓಡಿದಳು.

ಒಳಗಿನಿಂದ ಬಿಸಿ ರೊಟ್ಟಿಯ ವಾಸನೆ ಬರುತ್ತಿತ್ತು. ನೀಲಾಳ ತಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಬಾಯಿ ತುಂಬ ನಕ್ಕು, "ಮುಂಜಾನಿಂದ ನಿಂತೇ ಅದಿಯಲ್ಲವಾ. ಊಟ ಆತೇನು?" ಎಂದರು.

"ಆತ್ರಿ" ಎಂದು ಹೇಳಿ, ಹಸಿದುಕೊಂಡೇ ಮನೆಗೆ ಬಂದೆ.