ಹತ್ರಿ ಸರ, ಬಿಡ್ತೀನಿ

ಗಂಗಾವತಿಯಲ್ಲಿ ಮನುಷ್ಯ ಏನು ಬೇಕಾದರೂ ಮಾಡಬಹುದು, ಸುಮ್ಮನೆ ನಡೆಯಲು ಮಾತ್ರ ಬರುವುದಿಲ್ಲ ಎಂಬುದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಕೆಲಸವಿದ್ದು ನಡೆದರೆ ಯಾರ ತಕರಾರೂ ಇಲ್ಲ. ಎಮ್ಮೆಯ ಹಿಂದೆ ನಡೆಯಬಹುದು, ಮದುವೆಯ ಬ್ಯಾಂಡಿನ ಮುಂದೆ ನಡೆಯಬಹುದು. ಆದರೆ ಎಲ್ಲಿಗೂ ಹೋಗದೆ, ಏನನ್ನೂ ತರದೆ, ಕೈ ಬೀಸಿಕೊಂಡು ಹೋಗಿ ಹಾಗೆಯೇ ವಾಪಸು ಬರುವವನನ್ನು ನೋಡಿದರೆ ನಮ್ಮ ಜನರ ಕರುಳು ಚುರ್ ಎನ್ನುತ್ತದೆ. ಆ ಕರುಳಿನ ವಿರುದ್ಧ ನಾನು ಸಾರಿದ ಯುದ್ಧದ ಕಥೆ ಇದು.

ಮೊದಲೇ ನಾನು ಚಿಂತೆಯ ಮನುಷ್ಯ. ಡಾಕ್ಟರು ಮಾತಾಡಿದರೂ ಚಿಂತೆ, ಮಾತಾಡದೆ ರಿಪೋರ್ಟನ್ನೇ ನೋಡುತ್ತ ಕೂತರೂ ಚಿಂತೆ. ಆ ದಿನ ಅವರು ಎರಡನ್ನೂ ಮಾಡಿದರು. ಬಹಳ ಹೊತ್ತು ನೋಡಿ, ಕೊನೆಗೆ, "ಮೂರು ತಿಂಗಳ ಟೈಮ್ ಕೊಡ್ತೀನ್ರಿ. ಸಂಜೀಮುಂದ ನಡೀರಿ, ಮನ್ಯಾಗಿಂದ ಉಣ್ರಿ, ಅನ್ನ ಕಡಿಮಿ ಮಾಡ್ರಿ. ಶುಗರ್ ಇಳೀಲಿಲ್ಲಂದ್ರ ಇನ್ಸುಲಿನ್ ಸೂಜೀನ ಗತಿ" ಎಂದರು. ಸೂಜಿ ಎಂದ ಕೂಡಲೇ ನನ್ನ ತೋಳು ತಾನಾಗಿ ಬೆನ್ನ ಹಿಂದೆ ಅಡಗಿತು. ನಮ್ಮಪ್ಪ ಕೊನೆಯ ವರ್ಷಗಳಲ್ಲಿ ಫ್ರಿಜ್ಜಿನ ಬಾಗಿಲಲ್ಲಿ, ಬೆಣ್ಣೆಯ ಡಬ್ಬಿಯ ಪಕ್ಕದಲ್ಲೇ ಇನ್ಸುಲಿನ್ ಇಡುತ್ತಿದ್ದ. ದಿನವೂ ಬೆಣ್ಣೆಯನ್ನು ನೋಡಿ ನಿಟ್ಟುಸಿರು ಬಿಟ್ಟು ಸೂಜಿ ಚುಚ್ಚಿಕೊಳ್ಳುತ್ತಿದ್ದ. ಆ ಫ್ರಿಜ್ಜು ಈಗಲೂ ನಮ್ಮ ಮನೆಯಲ್ಲೇ ಇದೆ. ಅದರ ಬಾಗಿಲಿನ ಆ ಖಾಲಿ ಜಾಗ ನನಗಾಗಿಯೇ ಕಾದಿದೆ ಎಂದು ಅನ್ನಿಸತೊಡಗಿತು. ಅಲ್ಲಿ ಉಪ್ಪಿನಕಾಯಿ ಇಟ್ಟೇನೇ ಹೊರತು ಇನ್ಸುಲಿನ್ ಇಡಲಾರೆ ಎಂದು ಅಂದೇ ಪಣ ತೊಟ್ಟೆ.

ಅಡುಗೆಯ ಪಾಲು ನನ್ನ ಹೆಂಡತಿ ಗಿರಿಜಾಳ ಕೈಗೆ ಹೋಯಿತು. ಅವಳು ಯಲಬುರ್ಗಾ ಕಡೆಯ ಎರೆಹೊಲದವಳು, ಜೋಳ ಉಂಡು ಬೆಳೆದವಳು. ನಾನು ಇಲ್ಲೇ ಪಕ್ಕದ ಸಿದ್ದಾಪುರದವನು, ಕಾಲುವೆ ನೀರಿನ ಭತ್ತದ ನಡುವೆ ಹುಟ್ಟಿದವನು. ನಮ್ಮ ಮನೆಯಲ್ಲಿ ರೊಟ್ಟಿ ಎಂದರೆ ಅನ್ನ ಬೇಯುವ ತನಕ ಬಾಯಾಡಿಸುವ ಪದಾರ್ಥ. ಮದುವೆಯಾದಂದಿನಿಂದ ಈ ಅವಮಾನವನ್ನು ನುಂಗಿಕೊಂಡಿದ್ದ ಗಿರಿಜಾಳಿಗೆ ಡಾಕ್ಟರ ಮಾತು ತವರಿನವರೇ ಬಂದು ಆಡಿದಂತಾಯಿತು. ಮರುದಿನವೇ ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಮೊಳಕೆ ಬಂದ ಮಡಿಕೆ ಕಾಳು ಬಂದು ಕೂತವು. "ಅನ್ನ?" ಎಂದೆ. "ನವಣಿ ಅನ್ನ ಐತ್ರಿ. ಅದೂ ಬ್ಯಾಡಂದ್ರ ನೀರು ಐತಿ" ಎಂದಳು. ಇದರಿಂದ ನನಗಿಂತ ಹೆಚ್ಚು ನೊಂದವನು ಖಾದರ್ ಭಾಯ್. ನಮ್ಮ ಓಣಿಯ ತುದಿಯಲ್ಲಿ ಅವನ ಅಕ್ಕಿ ಅಂಗಡಿ. ನಮ್ಮ ಮನೆಗೆ ಅಕ್ಕಿ ಹಾಕುವವನೂ ಅವನೇ, ಹಳೆಯ ಗೆಳೆಯನೂ ಅವನೇ. "ಏನ್ರಿ ಸರ, ನನ್ನ ಅಕ್ಕ್ಯಾಗ ಹುಳಾ ಬಿದ್ದಾವೇನು? ಗಂಗಾವತ್ಯಾಗ ಇದ್ದು ಅನ್ನ ಬಿಟ್ಟ ಮನಷ್ಯಾನ್ನ ನಾ ಇವತ್ತ ನೋಡಿದ್ದು" ಎಂದು ಮುಖ ಸಣ್ಣದು ಮಾಡಿದ.

ಊಟವನ್ನಾದರೂ ನಾಲ್ಕು ಗೋಡೆಯ ಒಳಗೆ ಸಂಭಾಳಿಸಬಹುದು. ನಡಿಗೆ ಬೀದಿಯದು. ಇಲ್ಲಿ ನನ್ನ ಉದ್ಯೋಗವೇ ನನಗೆ ಮುಳುವಾಯಿತು. ಇದೇ ಊರಿನ ಹೈಸ್ಕೂಲಿನಲ್ಲಿ ತಲೆ ಹಣ್ಣಾಗುವ ತನಕ ಗಣಿತ ಕಲಿಸಿದ್ದೇನೆ. ರಸ್ತೆಯಲ್ಲಿ ಹೋಗುವ ಎರಡು ಬೈಕುಗಳಲ್ಲಿ ಒಂದರ ಮೇಲೆ ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನೇ ಕೂತಿರುತ್ತಾನೆ. ಮೊದಲ ದಿನ ಕಾಲುವೆ ರಸ್ತೆಗೆ ತಿರುಗಿದ್ದೇ ತಡ, ಪಕ್ಕದಲ್ಲಿ ಒಂದು ಬೈಕು ಕಿರ್ರೆಂದು ನಿಂತಿತು. "ಯಾಕ್ರಿ ಸರ, ಗಾಡಿ ಕೆಟ್ಟೈತೇನು? ಹತ್ರಿ ಸರ, ಬಿಡ್ತೀನಿ." ಇಲ್ಲಪ್ಪ, ವಾಕಿಂಗ್ ಹೊರಟಿದ್ದೇನೆ ಎಂದೆ. "ವಾಕಿಂಗ್ ಎಲ್ಲಿತನಾ ಮಾಡ್ತೀರಿ ಹೇಳ್ರಿ, ಅಲ್ಲಿತನಾ ಬಿಡ್ತೀನಿ" ಎಂದ. ಇಂಥವನಿಗೆ ನಾನು ಯಾವ ಗಣಿತ ಕಲಿಸಿದೆನೋ ತಿಳಿಯದೆ ಹತ್ತಿ ಕೂತೆ. ಅವನು ಕಾಲುವೆ ಸೇತುವೆಯ ಬಳಿ ಇಳಿಸಿ, ಅಷ್ಟಕ್ಕೇ ಬಿಡದೆ ಒಂದು ತಾಟು ಮಿರ್ಚಿ ಭಜಿ, ಅದರ ಮೇಲೊಂದು ಸಕ್ಕರೆ ಸುರಿದ ಚಹಾ ಕೊಡಿಸಿದ. ಶುಗರ್ ಇದೆಯಪ್ಪಾ ಎಂದೆ. "ನಮ್ಮಪ್ಪಗೂ ಐತ್ರಿ, ಅಂವ ದಿನಾ ತಿಂತಾನ, ಏನಾಗಂಗಿಲ್ಲ ತಿನ್ರಿ" ಎಂದ. ವಾಪಸು ಹೊರಟರೆ ಇನ್ನೊಬ್ಬ ಶಿಷ್ಯ ಸಿಕ್ಕಿ ಮನೆಯ ಬಾಗಿಲಿಗೇ ತಂದು ಬಿಟ್ಟ. ಹೀಗೆ ವಾರಗಟ್ಟಲೆ ನಾನು ಮನೆಯಿಂದ ನಡೆದು ಹೊರಟು, ಜನರ ಬೆನ್ನ ಹಿಂದೆ ಕೂತು ಊರು ಸುತ್ತಿ, ಮಿರ್ಚಿ ತಿಂದು ಮನೆಗೆ ಬಂದೆ. ಯಾರೂ ಸಿಗದಿದ್ದ ದಿನ ಖಾದರ್ ಭಾಯ್ ಅಂಗಡಿ ಮುಚ್ಚಿಕೊಂಡು ಹುಡುಕಿಕೊಂಡು ಬರುತ್ತಿದ್ದ. ನನ್ನ ಸ್ಕೂಟರನ್ನು ಹೆಂಡತಿ ಕಸಿದುಕೊಂಡಿದ್ದಾಳೆ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿ, ಹಿರಿಯರೊಬ್ಬರು ಗಿರಿಜಾಳಿಗೆ ಬುದ್ಧಿ ಹೇಳಲೂ ಬಂದು ಹೋದರು. ತೂಕ ಇಳಿಯಲಿಲ್ಲ, ಏರಿತು.

ಎಲ್ಲದಕ್ಕೂ ಕಳಸವಿಟ್ಟಂತೆ ಒಂದು ಸಂಜೆ ಒಂದು ಕಾರು ನಿಂತಿತು. ಗಾಜು ಇಳಿಯಿತು. ಒಳಗಿದ್ದವರು ಅದೇ ಡಾಕ್ಟರು. "ಏನ್ ಸರ, ಈ ಧೂಳಾಗ ನಡಕೊಂತ ಹೊಂಟೀರಿ? ಬರ್ರಿ, ಆ ಕಡೀನ ಹೊಂಟೀನಿ, ಬಿಡ್ತೀನಿ."

ಆ ಕ್ಷಣದಲ್ಲಿ ನನ್ನೊಳಗೆ ಏನೋ ಎದ್ದು ನಿಂತಿತು. ಹತ್ತುವುದಿಲ್ಲ ಎಂದರೆ ಹತ್ತುವುದಿಲ್ಲ. ಆದರೆ ಕಾರಣ ಹೇಳಬೇಕಲ್ಲ? ಬಾಯಿಗೆ ತಾನಾಗಿ ಬಂದದ್ದು ಇಷ್ಟು: "ಇಲ್ರಿ ಡಾಕ್ಟ್ರ, ಹರಕಿ ಐತಿ. ಹೇಮಗುಡ್ಡದ ದುರ್ಗಮ್ಮಗ ನಡಕೊಂತ ಬರ್ತೀನಂತ ಬೇಡಿಕೊಂಡೀನಿ. ಅದು ತೀರೂತನಾ ಗಾಡಿ ಹತ್ತಂಗಿಲ್ಲ, ಹೊರಗಿಂದ ತಿನ್ನಂಗಿಲ್ಲ." ಡಾಕ್ಟರು ಸ್ಟಿಯರಿಂಗ್ ಬಿಟ್ಟು ಕೈಮುಗಿದು, ಗಾಜು ಏರಿಸಿಕೊಂಡು ಹೋದರು.

ಎಂಥ ಬ್ರಹ್ಮಾಸ್ತ್ರ! ನಮ್ಮಲ್ಲಿ ಡಾಕ್ಟರ ಮಾತನ್ನು ಮುರಿಯಲು ಊರಿಗೆ ಊರೇ ನೆರವಾಗುತ್ತದೆ, ಹರಕೆಯನ್ನು ಮಾತ್ರ ಯಾರೂ ಮುರಿಸುವುದಿಲ್ಲ. ಆ ರಾತ್ರಿಯೇ ಸುದ್ದಿ ಊರೆಲ್ಲ ಹಬ್ಬಿತು. ಮರುದಿನದಿಂದ ಬೈಕುಗಳು ನನ್ನ ಪಕ್ಕದಲ್ಲಿ ಮೆಲ್ಲಗಾಗಿ, ನಮಸ್ಕಾರ ಮಾಡಿ ಮುಂದೆ ಹೋದವು. ಮಿರ್ಚಿ ಕರಿಯುವವಳು ತಾನೇ ಕೈಯಡ್ಡ ಹಿಡಿದು, "ಬ್ಯಾಡ್ರಿ ಸರ, ನೀವು ಹರಕ್ಯಾಗ ಇದ್ದೀರಿ" ಎಂದು ನನ್ನ ಆಸೆಗಣ್ಣಿನಿಂದ ಬುಟ್ಟಿಯನ್ನು ಕಾಪಾಡಿದಳು. ಖಾದರ್ ಭಾಯ್ ಕೂಡ, "ಹರಕಿ ಅಂದ್ರ ಮುಗೀತ್ರಿ. ಅಕ್ಕಿ ನಿಮ್ಮ ಹರಕಿ ಮುಗದ ಮ್ಯಾಲೆ ಕಳಸ್ತೀನಿ" ಎಂದು ಸಮಾಧಾನ ತಂದುಕೊಂಡ. ನಾನು ರಾಜನಂತೆ ನಡೆದೆ.

ಆದರೆ ಹೇಳಿದೆನಲ್ಲ, ಚಿಂತೆಯ ಮನುಷ್ಯ. ಕಟ್ಟಿಕೊಳ್ಳದ ಹರಕೆಯನ್ನು ದೇವಿಯ ಹೆಸರಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೇನೆ, ಅವಳು ಇದನ್ನು ನಿಜ ಎಂದುಕೊಂಡು ಕಾಯುತ್ತಿದ್ದರೆ? ತಾಟು ಬದಿಗೆ ಸರಿಸಿದೆ. ಗಿರಿಜಾಳಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹಂಗಾರ ಹೋಗಿ ತೀರಿಸಿ ಬರ್ರಲ್ಲ, ಸುಳ್ಳು ಹೆಂಗಾಕೈತಿ?" ಎಂದಳು. ಎಷ್ಟು ಸರಳ! ಅಮಾವಾಸ್ಯೆಯ ದಿನ ಬೆಳಗಿನ ಜಾವ, ಅವಳು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಹೇಮಗುಡ್ಡಕ್ಕೆ ನಡೆದೆ. ಬಿಸಿಲೇರುವ ಹೊತ್ತಿಗೆ ಗುಡ್ಡವನ್ನೂ ಹತ್ತಿ, ಅಮ್ಮನ ಮುಂದೆ ನಿಂತು, "ಸೂಜಿ ಒಂದು ಬ್ಯಾಡವ್ವ" ಎಂದು ಈ ಸಲ ನಿಜವಾಗಿಯೂ ಬೇಡಿಕೊಂಡೆ.

ಬರುವಾಗ ಮೈಯಲ್ಲಿ ಜೀವವಿರಲಿಲ್ಲ. ಅಂಗಾಲಿನಲ್ಲಿ ಗುಳ್ಳೆ ಎದ್ದಿದ್ದವು. ಹರಕೆ ತೀರಿತಲ್ಲ, ಇನ್ನು ಗಾಡಿ ಹತ್ತಬಹುದು ಎಂದು ರಸ್ತೆಯ ಬದಿಗೆ ನಿಂತು ಕೈ ಮಾಡಿದೆ. ಬೈಕುಗಳು ಮೆಲ್ಲಗಾದವು, ಶಿಷ್ಯರು ಕೈಮುಗಿದರು, ಹೋದರು. ಕಾಯುತ್ತ ನಿಂತಾಗ ಎದುರಿನಿಂದ ಖಾದರ್ ಭಾಯ್ ಬಂದು ನಿಂತ. ಅವನ ಬೈಕಿನ ಹಿಂದಿನ ಸೀಟು ಅಷ್ಟು ಮೆತ್ತಗೆ ಕಂಡದ್ದು ಅಂದೇ.

"ಹರಕಿ ತೀರ್ತು ಖಾದರ್ ಭಾಯ್, ಗಾಡಿ ತಿರುಗ್ಸು" ಎಂದು ಕಾಲೆತ್ತಿದೆ.

ಅವನು ಗಾಡಿಯನ್ನು ಮುಂದಕ್ಕೆ ಸರಿಸಿದ. "ಹೆಂಗ್ ತೀರತೈತ್ರಿ? ಹೋಗೂದೂ ಬರೂದೂ ಎರಡೂ ನಡಕೊಂತನ ಅಂತ ಭಾಬಿ ಹೇಳ್ಯಾರ. ನಿಮಗ ನೀರಡಿಕಿ ಆಗಿರತೈತಿ, ನೀರಷ್ಟ ಕೊಟ್ಟು ಬಾ ಅಂತ ಕಳಿಸ್ಯಾರ. ಪ್ರತಿ ಅಮಾಸಿಗೆ ಹೋಗಬೇಕಂತಲ್ರಿ? ಭಾಳ ಗಟ್ಟಿ ಅದೀರಿ ಬಿಡ್ರಿ ಸರ!" ಎಂದು ಬಾಟಲಿ ಕೈಗಿಟ್ಟು, ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದೊಂದನ್ನು ಬಿಟ್ಟು ಉಳಿದೆಲ್ಲ ಭಕ್ತಿ ತೋರಿಸಿ ಹೋದ. ನಾನು ಇಡೀ ಊರನ್ನು ಗೆದ್ದಿದ್ದೆ. ಗಿರಿಜಾ ಕೂತಲ್ಲಿಂದಲೇ ನನ್ನನ್ನು ಗೆದ್ದಿದ್ದಳು. ಕುಂಟುತ್ತ ಮನೆ ಸೇರಿದೆ, ನಡೆದೇ.

ಮೂರು ತಿಂಗಳ ಕೊನೆಗೆ ಡಾಕ್ಟರು ಹೊಸ ರಿಪೋರ್ಟು ನೋಡಿ ಹುಬ್ಬೇರಿಸಿದರು. ಶುಗರ್ ಇಳಿದಿತ್ತು. "ಸೂಜಿ ಬ್ಯಾಡ್ರಿ ಸದ್ಯಕ್ಕ. ಏನು ಮಾಡಿದ್ರಿ?" ಎಂದರು. ನಾನು ಎದೆಯುಬ್ಬಿಸಿ, ಮನುಷ್ಯ ಛಲ ತೊಟ್ಟರೆ ಎಂದು ಶುರು ಮಾಡುವಷ್ಟರಲ್ಲಿ ಪಕ್ಕದಲ್ಲಿದ್ದ ಗಿರಿಜಾ, "ಹರಕೀರಿ ಡಾಕ್ಟ್ರ. ಇನ್ನಾ ಮುಗದಿಲ್ಲ" ಎಂದಳು. ಡಾಕ್ಟರು ಮತ್ತೆ ಕೈಮುಗಿದರು. ಆಸ್ಪತ್ರೆಯಿಂದ ಹೊರಗೆ ಬಂದಾಗ ಬಾಗಿಲಲ್ಲೇ ಒಂದು ಆಟೋ ನಿಂತಿತ್ತು. ಗಿರಿಜಾ ಹತ್ತಿ ಕೂತಳು. ನಾನೂ ಒಂದು ಕಾಲು ಇಟ್ಟೆ. ಹಿಂದೆ ತಿರುಗಿ ನನ್ನನ್ನು ನೋಡಿದ ಡ್ರೈವರು ಗಾಬರಿಯಾಗಿ ಎಂದ: "ಸರ, ನೀವು ಹತ್ತಂಗಿಲ್ಲಲ್ರಿ!"